ಮೂರು ಗಂಟೆಯ ಮುದ್ದೆ

ರಾಗಿಮುದ್ದೆಯನ್ನು ಹೋಟೆಲಿನಲ್ಲಿ ಉಣ್ಣಲು ಹೊರಡುವವರು ಮೊದಲು ತಿಳಿಯತಕ್ಕ ವಿಷಯವೊಂದುಂಟು: ಅದು ದೋಸೆಯಂತೆ ಕೇಳಿದೊಡನೆ ಹುಯ್ದು ಕೊಡುವ ಪದಾರ್ಥವಲ್ಲ, ಅನ್ನದಂತೆ ಮಧ್ಯಾಹ್ನವೆಲ್ಲ ನಮಗಾಗಿ ಕಾದುಕೊಂಡಿರುವ ಪದಾರ್ಥವೂ ಅಲ್ಲ. ಹಿಟ್ಟು ತಿರುವಿ, ನೀರು ಸವರಿದ ಹಲಗೆಯ ಮೇಲೆ ಹೊರಳಿಸಿ ಕಟ್ಟಿ, ಬಿಸಿ ಆರುವುದರೊಳಗೆ ಉಂಡರೆ ಅದು ಮುದ್ದೆ; ಅನಂತರದ್ದಕ್ಕೆ ಬೇರೆ ಹೆಸರಿಡಬೇಕು. ಈ ಮಾತನ್ನು ನಮ್ಮ ಭಾವನವರಿಗೆ ನಾನು ನಂಜನಗೂಡಿನಲ್ಲಿಯೇ, ಕಪಿಲೆಯ ಸ್ನಾನಘಟ್ಟದ ಮೆಟ್ಟಿಲ ಮೇಲೆ, ಅಕ್ಕನ ಸಮಕ್ಷಮದಲ್ಲಿ ಹೇಳಿದ್ದೆನು. ಬಂಧುವರ್ಗದಲ್ಲಿ ಈಗ ಹಬ್ಬಿರುವ ಕಥೆಯಾದರೋ ಬೇರೆ. ಅದರಲ್ಲಿ ನಾನು ಹೋಟೆಲಿನಲ್ಲಿ ಜಗಳ ತೆಗೆದ ಮುದುಕನೇ ಹೊರತು ಮತ್ತೇನೂ ಅಲ್ಲ. ಆದಕಾರಣ ನಡೆದುದನ್ನು ನಡೆದಂತೆ ಬರೆಯುತ್ತಿದ್ದೇನೆ.

ಅಂದು ಕಾರ್ತಿಕ ಸೋಮವಾರ. ಶ್ರೀಕಂಠೇಶ್ವರನ ದರ್ಶನ ಮುಗಿದಾಗ ಹೊತ್ತು ಇನ್ನೂ ಹತ್ತಾಗಿರಲಿಲ್ಲ. ನಾಟಿಕೋಳಿ ಸಾರಿನ ಮಿಲಿಟರಿ ಹೋಟೆಲಿಗೆ ಹೋಗಬೇಕೆಂಬುದು ಭಾವನವರ ಅಂತರಂಗದ ಅಪೇಕ್ಷೆ. ಸೋಮವಾರದ ದಿನ ಆ ಮಾತೆತ್ತಲೂ ಅಕ್ಕ ಬಿಡಲಿಲ್ಲವಾಗಿ, ತಿರುಮಕೂಡಲು ನರಸೀಪುರದ ಕಡೆ ನನಗೆ ಬಹುಕಾಲದಿಂದ ಪರಿಚಯವಿದ್ದ, ಸೊಪ್ಪಿನ ಉಪ್ಪುಸಾರಿಗೆ ಹೆಸರಾದ ಒಂದು ಮುದ್ದೆ ಹೋಟೆಲಿಗೆ ಹನ್ನೆರಡೂವರೆಯೊಳಗೆ ಹೋಗಿ ಕುಳಿತುಬಿಡುವುದೆಂದು ನಿಶ್ಚಯವಾಯಿತು. ನಿಶ್ಚಯ ಮಾಡಿದವನು ನಾನು. ಅದನ್ನು ಮುರಿದವರು ಭಾವನವರು.

ಮೊದಲನೆಯದಾಗಿ ರಸಬಾಳೆ. ನಂಜನಗೂಡಿನ ರಸಬಾಳೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಣ್ಣು. ಪನಾಮ ಸೊರಗು ರೋಗದ ಹಾವಳಿಯಿಂದ ಅದನ್ನು ಬೆಳೆಯುವ ತೋಟಗಳು ವಿರಳವಾಗಿ, ಆ ಹೆಸರಿನಲ್ಲಿ ಬೇರೆ ಹಣ್ಣು ಮಾರುವವರೂ ಉಂಟೆಂಬುದು ಊರಿನವರೆಲ್ಲ ಬಲ್ಲ ಸಂಗತಿ. ಭಾವನವರು ಮಾತ್ರ ಒಂದೊಂದು ಚಿಪ್ಪನ್ನೂ ಎತ್ತಿ ಮೂಸಿ, ಚೌಕಾಸಿ ಮಾಡಿ, ಕಡೆಗೆ ಪಚ್ಚಬಾಳೆಯನ್ನೇ ಕೊಂಡು ಬಂದರು. ಎರಡನೆಯದಾಗಿ ನರಸೀಪುರದ ಸಂಗಮ. ಕಾವೇರಿ ಕಪಿಲೆಗಳು ಕೂಡುವ, ಸ್ಫಟಿಕ ಸರೋವರವು ಗುಪ್ತವಾಗಿ ಸೇರುವುದೆಂದು ನಂಬಲಾದ, 1989ರಿಂದ ಕುಂಭಮೇಳವನ್ನೂ ಕಾಣುತ್ತಿರುವ ಆ ಕ್ಷೇತ್ರಕ್ಕೆ ಬಂದು ನೀರು ಮುಟ್ಟದೆ ಹೋಗುವುದುಂಟೆ ಎಂದು ಅವರು ಇಳಿದೇಬಿಟ್ಟರು. ಅಲ್ಲಿ ಯಾವ ಇಲಾಖೆಯವನೋ ಒಬ್ಬ ಅಧಿಕಾರಿ, ಕೈಯಲ್ಲಿ ಸೀಟಿ ಹಿಡಿದವನು, ನಮ್ಮ ಕಾರನ್ನು ಎಡಕ್ಕೆ ಕಳುಹಿಸಿ, ಎಡಗಡೆಯಿಂದ ಬಲಕ್ಕೆ ಕಳುಹಿಸಿ, ಬಲಗಡೆ ಜಾಗವಿಲ್ಲವೆಂದು ಮೊದಲಿನ ಸ್ಥಳಕ್ಕೇ ತಂದು ನಿಲ್ಲಿಸಿದನು. ಕಾರಣ ಕೇಳಿದ್ದಕ್ಕೆ, "ರೂಲ್ಸು ಸಾರ್" ಎಂದನು. ಮೂರನೆಯದಾಗಿ ಗುಂಜಾ ನರಸಿಂಹಸ್ವಾಮಿ. ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚಿನದೆಂಬ ಪ್ರತೀತಿಯನ್ನು ಭಾವನವರು ಪುಣೆಯಲ್ಲಿ ಹುಟ್ಟಿ ಬೆಳೆದ ತಮ್ಮ ಮಗನಿಗೆ ಗರುಡಗಂಬದ ಬಳಿ ನಿಂತು ಎಷ್ಟು ಸವಿಸ್ತಾರವಾಗಿ ವಿವರಿಸಿದರೆಂದರೆ, ನಾವು ಹೋಟೆಲಿನ ತಗಡಿನ ಚಪ್ಪರದೊಳಗೆ ಕಾಲಿಡುವಾಗ ಗೋಡೆಯ ಗಡಿಯಾರದಲ್ಲಿ ಮೂರು ದಾಟಿತ್ತು.

ಬಡಿಸುವ ಹುಡುಗ ತಟ್ಟೆಗಳನ್ನು ತಂದಿಟ್ಟನು. ಮುದ್ದೆಯನ್ನು ಕಂಡಕೂಡಲೇ ನನಗೆ ತಿಳಿಯಿತು: ಮೇಲೆ ಒಣಗಿದ ಹೊಪ್ಪಳೆ, ನಡುವೆ ಬಿರುಕು, ಮುಟ್ಟಿದರೆ ಬೆರಳಿಗೆ ಅಂಟದ ತಣ್ಣನೆಯ ಮೈ. ಹಿಂದಕ್ಕೆ ಕಳುಹಿಸಿದೆನು. ಸ್ವಲ್ಪ ಹೊತ್ತಿನಲ್ಲಿ ಬಂದ ಎರಡನೆಯ ಆವೃತ್ತಿಯು ಹೊಳೆಯುತ್ತಿತ್ತು, ಆವಿಯೂ ಏಳುತ್ತಿತ್ತು. ಅಕ್ಕ, "ನೋಡು, ಬಿಸಿಯಾಗೇ ತಂದಿದಾರೆ" ಎಂದಳು. ನಾನು ಎರಡು ಹೋಳು ಮಾಡಿ ತೋರಿಸಿದೆನು. ಹೊರಗಿನ ಹೊಳಪು ಬಿಸಿನೀರಿನಲ್ಲಿ ಅದ್ದಿ ಮತ್ತೆ ಉರುಳಿಸಿದುದರ ಫಲ. ಒಳಗೆ ತಣ್ಣಗೆ, ನಡುಮಧ್ಯದಲ್ಲಿ ಕಡಲೆಗಾತ್ರದ ಬಿಳಿಚಿದ ಹಸಿಹಿಟ್ಟಿನ ಗಂಟು. ಆ ಹೋಳನ್ನು ತಟ್ಟೆಯ ಸಮೇತ ಗಲ್ಲಾದ ಮೇಲೆ ಇಟ್ಟು ಯಜಮಾನನನ್ನು ಕೇಳಿದೆನು. ಆತನು ಚಿಲ್ಲರೆ ಎಣಿಸುತ್ತಲೇ, "ಮುದ್ದೆ ಅಂದ್ರೆ ಹಂಗೇ ಇರೋದು ಸಾರ್" ಎಂದನು. ನಮ್ಮ ಮನೆಯಲ್ಲಿ ತಲೆಮಾರುಗಳಿಂದ ಹಿಟ್ಟುಂಡು ಬಂದವನಿಗೆ ಆತನು ಹೇಳಿದ ಮಾತು ಇದು! ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡತೊಡಗಿದರೆಂಬುದು ನಿಜ. ನನ್ನ ಧ್ವನಿ ಏರಿತ್ತೆಂಬುದೂ ನಿಜ.

ಆಗ ಭಾವನವರು, "ಎಲ್ರೂ ನೋಡ್ತಾ ಇದಾರೆ ಕಣಯ್ಯ, ಬಂದು ಕೂತ್ಕೊ" ಎಂದು ನನ್ನನ್ನು ಗದರಿ, ಮಗನ ಕಡೆ ತಿರುಗಿ, "ನೀನು ತಿನ್ನಪ್ಪ. ಮುದ್ದೇನ ಅಗೀಬಾರ್ದು, ನುಂಗ್ಬೇಕು" ಎಂದು ಉಪದೇಶಿಸಿದರು. ಉಪದೇಶವೇನೋ ಸರಿಯೆ, ಆದರೆ ಬಿಸಿಯಾಗಿ, ಮೃದುವಾಗಿ, ಸಾರಿನಲ್ಲಿ ಹೊರಳಿದ ಸಣ್ಣ ತುತ್ತಿಗೆ ಸಲ್ಲುವ ಉಪದೇಶವದು. ಹುಡುಗನು ವಿಧೇಯ. ನಿಂಬೆಗಾತ್ರದ ತುತ್ತನ್ನು ಮುರಿದು, ಸಾರಿಗೆ ತಾಗಿಸಿದಂತೆ ಮಾಡಿ, ಬಾಯಿಗಿಟ್ಟು, ಕಣ್ಣು ಮುಚ್ಚಿ ನುಂಗಿದನು. ಮರುಕ್ಷಣದಲ್ಲಿ ಕಣ್ಣು ತೆರೆದನು. ಆ ಕಣ್ಣುಗಳನ್ನು ನಾನು ಮರೆಯಲಾರೆ. ಕೆಮ್ಮಲು ನೋಡಿದನು, ಕೆಮ್ಮು ಹೊರಡಲಿಲ್ಲ. ಕೈ ಗಂಟಲಿಗೆ ಹೋಯಿತು. ಮುಖ ಕೆಂಪೇರಿ, ಕೆಂಪು ಕಪ್ಪಿಗೆ ತಿರುಗುವಂತಾಯಿತು. ಅಕ್ಕ "ಅಯ್ಯೋ ನಂಜುಂಡಪ್ಪ" ಎಂದು ಕೂಗಿಕೊಂಡಳು. ಇಷ್ಟು ಹೊತ್ತೂ ಸ್ಥಳಪುರಾಣವನ್ನು ಅಸ್ಖಲಿತವಾಗಿ ಹೇಳಿದ ಭಾವನವರ ಬಾಯಿಂದ ಒಂದಕ್ಷರವೂ ಹೊರಡದೆ, ನೀರಿನ ಲೋಟವನ್ನು ಹಿಡಿದ ಅವರ ಕೈ ನಡುಗಿ ಅರ್ಧ ನೀರು ಮೇಜಿನ ಮೇಲೆ ಚೆಲ್ಲಿತು. ಬಡಿಸುವ ಹುಡುಗನೊಬ್ಬನೇ ಬುದ್ಧಿ ಕೆಡದೆ ಇದ್ದವನು. ಬಕೆಟ್ಟನ್ನು ನೆಲಕ್ಕೆ ಕುಕ್ಕಿ ಓಡಿಬಂದು, ನಮ್ಮ ಹುಡುಗನನ್ನು ಎಬ್ಬಿಸಿ ಮುಂದಕ್ಕೆ ಬಗ್ಗಿಸಿ, ಬೆನ್ನಿನ ಮೇಲೆ ಅಂಗೈಯಿಂದ ಬಲವಾಗಿ ಗುದ್ದತೊಡಗಿದನು. ಎಷ್ಟು ಗುದ್ದಿದನೋ, ಎಣಿಸುವ ಸ್ಥಿತಿ ಯಾರದೂ ಆಗಿರಲಿಲ್ಲ. ಕಡೆಗೊಮ್ಮೆ ತುತ್ತು ಹೊರಗೆ ಬಿದ್ದಿತು. ಬಿದ್ದುದರಲ್ಲಿ ಆ ಹಸಿಹಿಟ್ಟಿನ ಗಂಟು ಹಾಗೆಯೇ ಇತ್ತು. ಹುಡುಗನು ಉಸಿರೆಳೆದುಕೊಂಡು ಮೊದಲು ಆಡಿದ ಮಾತು, "ಮಾವ, ನೀವು ಹೇಳಿದ್ದೇ ಸರಿ" ಎಂಬುದು. ಈ ಮಾತನ್ನು ಬಂಧುಗಳಾರೂ ಎಲ್ಲಿಯೂ ಉದ್ಧರಿಸುವುದಿಲ್ಲ.

ಗದ್ದಲ ಕೇಳಿ ಹಿತ್ತಿಲ ಬಾಗಿಲಿನಿಂದ ಒಬ್ಬ ವೃದ್ಧೆ ಬಂದರು. ಮಧ್ಯಾಹ್ನದ ಜನ ಮುಗಿದ ಮೇಲೆ ಅಡ್ಡಾಗಿದ್ದ, ಆ ಹೋಟೆಲಿನ ಕೀರ್ತಿಗೆ ನಿಜವಾದ ಕಾರಣರಾದ ತಾಯಿ ಆಕೆ. ಗಲ್ಲಾದ ಮೇಲಿದ್ದ ಹೋಳನ್ನು ಬೆರಳಿನಿಂದ ಒತ್ತಿ ನೋಡಿ, ಯಜಮಾನನಿಗೆ, "ಇದ ಹಸೀಗೆ ಹಾಕ್ಬೇಕಿತ್ತು ಕಣ್ಲಾ" ಎಂದಷ್ಟೇ ಹೇಳಿ ಎಸರಿಟ್ಟರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆನು. ಮೊದಲು ಒಂದು ಹಿಡಿ ಹಿಟ್ಟನ್ನು ನೀರಿನಲ್ಲಿ ಕದಡಿ ಎಸರಿಗೆ ಸೇರಿಸಿದರು. ಅದು ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕಲಕದೆ, ಕೋಲಿನಿಂದ ತೂತು ಮಾತ್ರ ಮಾಡಿ ಬಿಟ್ಟರು. ಆತುರಗಾರರು ಕೆಡಿಸುವುದು ಇಲ್ಲಿಯೇ. ಎಸರು ಆ ತೂತಿನಿಂದ ಮೇಲೆದ್ದು ಹಿಟ್ಟೆಲ್ಲ ಬೇಯುವ ಮುನ್ನ ತಿರುವಿದರೆ ಗಂಟು ಒಳಗೇ ಉಳಿಯುವುದು. ಆಕೆ ಕಾದರು. ಅನಂತರ ಪಾತ್ರೆಯನ್ನು ಕವೆಗೋಲಿನಿಂದ ಬಿಗಿಹಿಡಿದು, ಆ ವಯಸ್ಸಿನ ತೋಳುಗಳಿಂದ ಹಿಟ್ಟನ್ನು ತಿರುವಿದ ರಭಸವನ್ನು ಕಂಡು ನಾನು ಹಿಂದಕ್ಕೆ ಸರಿದು ನಿಂತೆನು. ಮಂಡ್ಯದ ವಿ.ಸಿ. ಫಾರಮಿನಲ್ಲಿ ಕೃಷಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ನಮ್ಮ ಸೀಮೆಯಲ್ಲಿ ರಾಗಿಗೇನೂ ಬರವಿಲ್ಲ. ಬರವಿರುವುದು ಇಂಥ ತೋಳುಗಳಿಗೆ.

ಆ ಮುದ್ದೆಯನ್ನು, ದಂಟುಸೊಪ್ಪಿನ ಉಪ್ಪುಸಾರಿನಲ್ಲಿ ಮುಳುಗಿಸಿ, ತಟ್ಟೆಯ ಅಂಚಿಗೆ ಇಟ್ಟ ಬೆಳ್ಳುಳ್ಳಿ ಮೆಣಸಿನ ಖಾರವನ್ನು ತುತ್ತಿಗಿಷ್ಟು ಸವರಿಕೊಂಡು ಉಂಡೆವು. ಅಳಿಯನು ಹೆದರುತ್ತಲೇ ಆರಂಭಿಸಿ ಇನ್ನೊಂದನ್ನು ಕೇಳಿ ಹಾಕಿಸಿಕೊಂಡನು. ಭಾವನವರೂ ಹಾಕಿಸಿಕೊಂಡರು, ಮಾತಾಡಲಿಲ್ಲ.

ಬಿಲ್ಲಿನಲ್ಲಿ ಹಿಂದಿರುಗಿಸಿದ ಮುದ್ದೆಗಳನ್ನೂ ಯಜಮಾನನು ಸೇರಿಸಿದ್ದನು. ನಾನು ಆಕ್ಷೇಪವೆತ್ತಿ ಒಂದೊಂದಾಗಿ ಲೆಕ್ಕ ಹೇಳುತ್ತಿರುವಾಗಲೇ ಭಾವನವರು ಪೂರ್ತಿ ಹಣ ಕೊಟ್ಟು ಹೊರಟುಬಿಟ್ಟರು. ನನ್ನ ಹಟಕ್ಕೆ ಅವರು ದಂಡ ತೆತ್ತರೆಂಬ ವದಂತಿ ಹುಟ್ಟಿದ್ದು ಇಲ್ಲಿಂದ.

ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಹೋಟೆಲಿನಲ್ಲಿ ಮುದ್ದೆ ಉಣ್ಣುವುದಾದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ ಕುಳಿತುಕೊಳ್ಳಿರಿ; ತೀರ್ಥಕ್ಷೇತ್ರಗಳನ್ನು ಊಟವಾದ ಮೇಲೆ ನೋಡಿರಿ. ಹಿಟ್ಟು ತಿರುವಿ ಎಷ್ಟು ಹೊತ್ತಾಯಿತೆಂದು ಕೇಳಲು ನಾಚಬೇಡಿರಿ. ಸಾರು ಹಾಕಿಸಿಕೊಳ್ಳುವ ಮುನ್ನ ಮುರಿದು ಒಳಗೆ ನೋಡಿರಿ. ಹೊಸಬರಿಗೆ, ಮಕ್ಕಳಿಗೆ ಸಣ್ಣ ತುತ್ತನ್ನೇ ಮಾಡಿಕೊಡಿರಿ. ಗಂಟು ಕಂಡರೆ, ಜೊತೆಗಿರುವ ನಂಟರು ಎಷ್ಟೇ ಗೊಣಗಲಿ, ಹಿಂದಕ್ಕೆ ಕಳುಹಿಸಿರಿ. ಕಳುಹಿಸಿದ್ದಕ್ಕೆ ದುಡ್ಡು ಕೊಡಬೇಡಿರಿ.