ಹಳೆಯ ಪಾರ್ಕಿಗೆ ಹೊಸ ಯೋಜನೆ: ಯಾರನ್ನು ಕೇಳಬೇಕು?



ವಾರ್ಡಿನ ಪಾರ್ಕು ಹಾಳಾಗಿದೆ, ಉಯ್ಯಾಲೆಯ ಸರಪಳಿ ತುಕ್ಕು ಹಿಡಿದಿದೆ, ಸಂಜೆಯಾದರೆ ಕತ್ತಲು, ಪುರಸಭೆಗೆ ಒಂದು ಅರ್ಜಿ ಕೊಟ್ಟುಬಿಡೋಣ ಎಂಬ ಮಾತು ಮಹಾಸಂಘದ ಸಭೆಗಳಲ್ಲಿ ಆಗಾಗ ಬರುತ್ತದೆ. ಕೊಡೋಣ. ಆದರೆ ಅರ್ಜಿಯಲ್ಲಿ ಏನು ಬರೆಯಬೇಕು ಅನ್ನೋದೇ ಈ ಸಲದ ಪಾಠ.

ಈ ವಿಷಯದಲ್ಲಿ ನಾವೇ ಒಮ್ಮೆ ಎಡವಿದ್ದೇವೆ. ಒಂದು ವಾರ್ಡಿನಲ್ಲಿ ಭಾನುವಾರ ಸಂಜೆ ಒಂದೇ ಸಭೆ ಕರೆದು ಯೋಜನೆ ಮುಗಿಸಿದೆವು. ಬಂದವರಲ್ಲಿ ಹೆಚ್ಚಿನವರು ಬೆಳಿಗ್ಗೆ ವಾಕಿಂಗ್ ಮಾಡುವ ಗಂಡಸರು. ಸುತ್ತ ಬೇಲಿ, ನಡೆಯಲು ಸಿಮೆಂಟ್ ಬ್ಲಾಕು, ಗೇಟಿಗೆ ಬೀಗ ಬೇಕೆಂದರು. ಹಾಗೇ ಆಯಿತು. ಪಾರ್ಕು ಚೆನ್ನಾಗಿಯೇ ಕಾಣುತ್ತಿತ್ತು. ಮೂರು ತಿಂಗಳ ಮೇಲೆ, ಸೊಪ್ಪು ಮಾರುವ ನಮ್ಮ ಸಂಘದ ಅಕ್ಕ ಕೇಳಿದರು: "ಸಿಸ್ಟರ್, ಮಧ್ಯಾಹ್ನ ಬುಟ್ಟಿ ಇಳಿಸಿ ಎರಡು ತುತ್ತು ಉಣ್ಣೋಕೆ ಆ ಹೊಂಗೆ ಮರದ ನೆರಳು ಇತ್ತು. ಈಗ ಬೀಗ ಹಾಕ್ತಾರೆ. ನಾವೆಲ್ಲಿ ಕೂತ್ಕೊಳ್ಳೋದು?" ನಮ್ಮಲ್ಲಿ ಉತ್ತರ ಇರಲಿಲ್ಲ. ಅವರು ಸಭೆಗೆ ಬಂದಿರಲಿಲ್ಲ. ಭಾನುವಾರ ಸಂಜೆ ಅವರಿಗೆ ವ್ಯಾಪಾರದ ಹೊತ್ತು. ಅದನ್ನು ನಾವು ಯೋಚಿಸಲೇ ಇಲ್ಲ.

ಆದ್ದರಿಂದ ಮೊದಲು ಪಾರ್ಕಿನಲ್ಲಿ ಕೂತು ನೋಡಿ. ಕೆಲಸದ ದಿನ ಒಂದು, ಭಾನುವಾರ ಒಂದು. ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಇಬ್ಬಿಬ್ಬರು ಸರದಿಯಂತೆ ಕೂತು, ಗಂಟೆಗೊಮ್ಮೆ ಗಂಡಸರೆಷ್ಟು, ಹೆಂಗಸರೆಷ್ಟು, ಮಕ್ಕಳೆಷ್ಟು, ಮುದುಕರೆಷ್ಟು ಎಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಆಮೇಲೆ, ಬಾರದವರ ಮನೆಗೆ ಹೋಗಿ. ಬರುವವರ ಮಾತು ಹೇಗೂ ಕೇಳಿಸುತ್ತದೆ. ಹೈಸ್ಕೂಲು ಹುಡುಗಿಯರು ಯಾಕೆ ಬರೋದಿಲ್ಲ? ದೀಪದ ಕಂಬವಿದ್ದರೂ ಕೊಂಬೆ ಅಡ್ಡ ಬಂದು ಬೆಳಕು ನೆಲಕ್ಕೆ ಬೀಳದಿರಬಹುದು, ಶೌಚಾಲಯವಿಲ್ಲದಿರಬಹುದು. ಗಾಲಿಕುರ್ಚಿಯಲ್ಲಿ ಬರುವವರನ್ನು ತಡೆಯಲು ಗೇಟಿನ ಬಳಿ ಒಂದೇ ಮೆಟ್ಟಿಲು ಸಾಕು. ಇಳಿಜಾರಿನ ಅಳತೆ ಒಂದಕ್ಕೆ ಹನ್ನೆರಡು: ಅರ್ಧ ಅಡಿ ಎತ್ತರಕ್ಕೆ ಆರು ಅಡಿ ಉದ್ದ. ಎರಡು ಅಡಿಯಲ್ಲಿ ಮುಗಿಸಿ ಬಿಲ್ಲು ಮಾಡುವವರಿದ್ದಾರೆ, ಟೇಪು ಹಿಡಿದು ಅಳೆಯಿರಿ. ಸಾರ್ವಜನಿಕ ಜಾಗಗಳಿಗೆ ಅಂಗವಿಕಲರು ಸುಲಭವಾಗಿ ಬರುವಂತಿರಬೇಕು ಎಂದು 2016ರ ಕಾಯ್ದೆಯೇ ಹೇಳುತ್ತದೆ.

ಇಷ್ಟಾದ ಮೇಲೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಪಾರ್ಕಿನ ನಕ್ಷೆ ಬಿಡಿಸಿ. ಹೊಸದಾಗಿ ಬೇಕಾದದ್ದಕ್ಕಿಂತ ಮುಂಚೆ ಉಳಿಯಬೇಕಾದದ್ದನ್ನು ಗುರುತಿಸಿ. ಮರದ ಬುಡದವರೆಗೆ ಸಿಮೆಂಟ್ ಹಾಕಲು ಬಿಡಬೇಡಿ, ಬೇರಿಗೆ ನೀರು ಇಳಿಯಬೇಕು. ಮರ ಕಡಿಯಬೇಕೆಂದು ಯಾರಾದರೂ ಹೇಳಿದರೆ, 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಪಡೆದಿದ್ದಾರೆಯೇ ಎಂದು ಕೇಳಿ.

ಪಾರ್ಕಿನ ಗಡಿಯ ಬಗ್ಗೆ ಅನುಮಾನವಿದ್ದರೆ ಮಾಹಿತಿ ಹಕ್ಕಿನಲ್ಲಿ ನಕ್ಷೆಯ ಪ್ರತಿ ಕೇಳಬಹುದು. ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಪಾರ್ಕು, ಆಟದ ಮೈದಾನಗಳನ್ನು ಕಾಪಾಡಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾಯ್ದೆಯಿದೆ.

ಉದ್ಘಾಟನೆಯ ಮಾರನೇ ದಿನದಿಂದ ನೀರಿನ ಮೋಟಾರಿನ ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ, ಕಸ ಯಾರು ಗುಡಿಸುತ್ತಾರೆ, ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದನ್ನೂ ಅರ್ಜಿಯಲ್ಲೇ ಬರೆಸಿ.

ಆ ವಾರ್ಡಿನಲ್ಲಿ ನಾವು ಮತ್ತೊಂದು ಸಭೆ ಕರೆದೆವು, ಮಧ್ಯಾಹ್ನ ಒಂದೂವರೆಗೆ, ಆ ಹೊಂಗೆ ಮರದ ಕೆಳಗೇ. ಈಗ ಹಗಲು ಹೊತ್ತು ಬೀಗದ ಕೈ ಸೊಪ್ಪಿನ ಅಕ್ಕನ ಬಳಿಯೇ ಇರುತ್ತದೆ. ವಾಕಿಂಗ್ ಮಾಡುವ ಹಿರಿಯರೊಬ್ಬರಿಗೆ ಇದು ಇನ್ನೂ ಹಿಡಿಸಿಲ್ಲ.

ಮುಂದಿನ ಸಭೆಗೆ ಬರುವಾಗ ನಿಮ್ಮ ಎಣಿಕೆಯ ನೋಟ್‌ಬುಕ್ ತನ್ನಿ.