ಲಂಡನ್ ನೋಡುವ ಕ್ರಮ: ಐದು ದಿನಗಳ ಪ್ರವಾಸಕ್ಕೊಂದು ಕೈಪಿಡಿ

ಥೇಮ್ಸ್ ನದಿಯ ಎರಡೂ ದಡಗಳಲ್ಲಿ ಹರಡಿಕೊಂಡಿರುವ ಲಂಡನ್, ಸ್ವಂತ ಆಡಳಿತ ಮಂಡಳಿಯುಳ್ಳ 32 ಬರೋಗಳೂ ‘ಸಿಟಿ ಆಫ್ ಲಂಡನ್’ ಎಂಬ ಪುರಾತನ ನಡುಪೇಟೆಯೂ ಸೇರಿದ, ಸುಮಾರು 90 ಲಕ್ಷ ಜನರ ಮಹಾನಗರ. ಇದಕ್ಕೆ ದುಬಾರಿ ಊರೆಂಬ ಹೆಸರಿದೆ, ವಸತಿ ಮತ್ತು ಊಟದ ದರಗಳನ್ನು ನೋಡಿದರೆ ಆ ಹೆಸರು ಸುಳ್ಳೇನೂ ಅಲ್ಲ. ಆದರೆ ಇಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಕಾಯಂ ಪ್ರದರ್ಶನಗಳನ್ನು ನೋಡಲು ಶುಲ್ಕವಿಲ್ಲ, ಉದ್ಯಾನಗಳಿಗೂ ನದೀದಂಡೆಯ ನಡಿಗೆ ದಾರಿಗೂ ಕಾಸು ಕೊಡಬೇಕಿಲ್ಲ. ಹೀಗಾಗಿ ಟಿಕೆಟ್ ಕೊಳ್ಳಬೇಕಾದ ತಾಣಗಳನ್ನು ಎರಡು ಮೂರಕ್ಕೆ ಸೀಮಿತಗೊಳಿಸಿ, ಉಳಿದವುಗಳನ್ನು ಪ್ರದೇಶವಾರು ಹಂಚಿಕೊಂಡು ದಿನಕ್ಕೊಂದು ಪ್ರದೇಶವನ್ನು ನಡೆದು ನೋಡುವವರಿಗೆ ಈ ನಗರ ಮಿತವಾದ ವೆಚ್ಚದಲ್ಲೂ ದಕ್ಕುತ್ತದೆ.

ಹಂತ 1: ಕಾಲ ಮತ್ತು ವೀಸಾ

ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಅವಧಿ ಭಾರತೀಯ ಪ್ರವಾಸಿಗರಿಗೆ ಹೆಚ್ಚು ಅನುಕೂಲಕರ. ಜೂನ್‌ನಲ್ಲಿ ರಾತ್ರಿ 9 ಗಂಟೆ ಕಳೆದ ಮೇಲೆ ಸೂರ್ಯ ಮುಳುಗುವುದರಿಂದ ಒಂದೇ ದಿನದಲ್ಲಿ ಸಾಕಷ್ಟು ಸುತ್ತಾಡಬಹುದು. ಡಿಸೆಂಬರ್‌ನಲ್ಲಾದರೆ ಸಂಜೆ 4ರ ಹೊತ್ತಿಗೇ ಕತ್ತಲು ಕವಿಯತೊಡಗುತ್ತದೆ. ಯಾವ ತಿಂಗಳಲ್ಲಿ ಹೋದರೂ ಮಳೆಯಂಗಿಯೊಂದು ಕೈಚೀಲದಲ್ಲಿರಬೇಕು.

ಪ್ರವಾಸಕ್ಕೆ ಬೇಕಾಗುವುದು ‘ಸ್ಟ್ಯಾಂಡರ್ಡ್ ವಿಸಿಟರ್ ವೀಸಾ’, ಅಂದರೆ ಸಾಮಾನ್ಯವಾಗಿ ಆರು ತಿಂಗಳವರೆಗೆ ತಂಗಲು ಅವಕಾಶ ಕೊಡುವ, ಆದರೆ ಕೆಲಸಕ್ಕೆ ಸೇರಲು ಅವಕಾಶವಿಲ್ಲದ ಪರವಾನಗಿ. ಪ್ರಯಾಣದ ದಿನಕ್ಕೆ ಮೂರು ತಿಂಗಳು ಮುಂಚಿತವಾಗಿಯೇ ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಅರ್ಜಿ ತುಂಬಬಹುದು. ಬಳಿಕ ನಿಗದಿತ ದಿನದಂದು ಬೆಂಗಳೂರಿನಲ್ಲೂ ಇರುವ ವೀಸಾ ಅರ್ಜಿ ಕೇಂದ್ರಕ್ಕೆ ಹೋಗಿ ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕಾಗುತ್ತದೆ. ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆಯಾದರೂ ಬೇಸಿಗೆ ರಜೆಯ ದಟ್ಟಣೆಯಲ್ಲಿ ತಡವಾಗಬಹುದಾದ್ದರಿಂದ, ವೀಸಾ ಕೈಸೇರುವ ಮುನ್ನ ಹಣ ವಾಪಸಾಗದ ವಿಮಾನ ಟಿಕೆಟ್ ಕೊಳ್ಳದಿರುವುದು ಕ್ಷೇಮ. ಬ್ರಿಟನ್ನಿನ ವೀಸಾ ಯುರೋಪಿನ ಷೆಂಗೆನ್ ದೇಶಗಳಲ್ಲಿ ನಡೆಯುವುದಿಲ್ಲವಾಗಿ, ಅದೇ ಪ್ರವಾಸದಲ್ಲಿ ಪ್ಯಾರಿಸ್ಸಿಗೂ ಹೋಗಿಬರುವ ಯೋಚನೆಯುಳ್ಳವರು ಅದಕ್ಕೆ ಬೇರೆಯಾಗಿಯೇ ಅರ್ಜಿ ಹಾಕಬೇಕು.

ಹಂತ 2: ವಸತಿಯ ಆಯ್ಕೆ

ಲಂಡನ್ನಿನ ರೈಲು ದರಗಳು ‘ಜೋನ್’ಗಳ ಮೇಲೆ ನಿಂತಿವೆ. ನಗರದ ನಡುಭಾಗ ಒಂದನೆಯ ಜೋನ್. ಅದರ ಸುತ್ತ ಬಳೆಯಂತೆ ಎರಡು, ಮೂರು ಎಂದು ಉಳಿದವು ಹೊರಹೊರಕ್ಕೆ ಸಾಗುತ್ತವೆ. ನಡುಭಾಗದಲ್ಲೇ ತಂಗಿದರೆ ಸಮಯ ಉಳಿದರೂ ಕೋಣೆಯ ಬಾಡಿಗೆ ಏರುತ್ತದೆ, ತೀರಾ ಹೊರಗೆ ಹೋದರೆ ಬಾಡಿಗೆಯಲ್ಲಿ ಉಳಿದದ್ದು ಓಡಾಟಕ್ಕೇ ಹೋಗುತ್ತದೆ. ಆದುದರಿಂದ ಎರಡನೆಯ ಅಥವಾ ಮೂರನೆಯ ಜೋನ್‌ನಲ್ಲಿ, ರೈಲು ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗಿರುವ ವಸತಿಯನ್ನು ಹುಡುಕುವುದು ಒಳ್ಳೆಯದು. ಹ್ಯಾಮರ್‌ಸ್ಮಿತ್ ಮತ್ತು ಈಲಿಂಗ್ ಇಂಥ ಪ್ರದೇಶಗಳು. ಈಲಿಂಗ್‌ನಿಂದ ಪಂಜಾಬಿಗಳ ಪೇಟೆಯಾದ ಸೌತಾಲ್‌ಗೆ ಕೆಲವೇ ನಿಮಿಷಗಳ ರೈಲು ಪ್ರಯಾಣ. ಬೇಸಿಗೆ ರಜೆಯಲ್ಲಿ ಕೆಲವು ವಿಶ್ವವಿದ್ಯಾಲಯಗಳು ವಿದ್ಯಾರ್ಥಿನಿಲಯಗಳ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುವುದೂ ಉಂಟು.

ಹಂತ 3: ಓಡಾಟದ ಲೆಕ್ಕ

ಜಗತ್ತಿನ ಮೊದಲ ಸುರಂಗ ರೈಲು 1863ರಲ್ಲಿ ಆರಂಭವಾದದ್ದು ಇದೇ ನಗರದಲ್ಲಿ. ಊರಿನವರು ಇದನ್ನು ‘ಟ್ಯೂಬ್’ ಎನ್ನುತ್ತಾರೆ. ಹೀಥ್ರೂ ವಿಮಾನ ನಿಲ್ದಾಣದಿಂದ ನಗರಕ್ಕೆ ಬರಲು ಮೂರು ರೈಲುಗಳಿವೆ. ಪ್ಯಾಡಿಂಗ್ಟನ್ ನಿಲ್ದಾಣವನ್ನು ಹದಿನೈದು ನಿಮಿಷದಲ್ಲಿ ಮುಟ್ಟಿಸುವ ಹೀಥ್ರೂ ಎಕ್ಸ್‌ಪ್ರೆಸ್ ತುಟ್ಟಿಯಾದದ್ದು. 2022ರಲ್ಲಿ ಆರಂಭವಾದ ಎಲಿಜಬೆತ್ ಲೈನ್ ಅದೇ ದೂರಕ್ಕೆ ಅರ್ಧ ಗಂಟೆ ತೆಗೆದುಕೊಂಡರೂ ದರ ಕಡಿಮೆ. ಪಿಕಾಡಿಲಿ ಲೈನ್ ನಗರದ ನಡುಭಾಗ ಮುಟ್ಟಲು ಸುಮಾರು 50 ನಿಮಿಷ ತೆಗೆದುಕೊಳ್ಳುತ್ತದೆಯಾದರೂ ಎಲ್ಲಕ್ಕಿಂತ ಅಗ್ಗ. ದೊಡ್ಡ ಸೂಟ್‌ಕೇಸುಗಳಿದ್ದವರಿಗೆ, ಡಬ್ಬಿಗಳು ವಿಶಾಲವಾಗಿರುವ ಎಲಿಜಬೆತ್ ಲೈನೇ ಹದವಾದ ಆಯ್ಕೆ.

ಟಿಕೆಟಿಗಾಗಿ ಸಾಲು ನಿಲ್ಲುವ ಅಗತ್ಯ ಇಲ್ಲಿಲ್ಲ. ಮುಂಗಡ ಹಣ ತುಂಬಿಸಿಟ್ಟುಕೊಳ್ಳುವ ‘ಆಯ್‌ಸ್ಟರ್’ ಕಾರ್ಡನ್ನಾಗಲಿ, ತಾಗಿಸಿದರೆ ಹಣ ಪಾವತಿಯಾಗುವ ಬ್ಯಾಂಕ್ ಕಾರ್ಡನ್ನಾಗಲಿ ಗೇಟಿನ ಹಳದಿ ದುಂಡು ರೀಡರ್‌ಗೆ ತಾಗಿಸಿದರೆ ದಾರಿ ತೆರೆದುಕೊಳ್ಳುತ್ತದೆ. ರೈಲಿನಲ್ಲಿ ಹತ್ತುವಾಗಲೂ ಇಳಿದು ಹೊರಬರುವಾಗಲೂ ಕಾರ್ಡ್ ತಾಗಿಸಬೇಕು. ಹೊರಬರುವಾಗ ಮರೆತರೆ ಗರಿಷ್ಠ ದರ ಕಡಿತವಾಗುತ್ತದೆ. ಬಸ್ಸಿನಲ್ಲಿ ಹತ್ತುವಾಗ ಮಾತ್ರ ತಾಗಿಸಿದರೆ ಸಾಕು, ಆದರೆ ಅಲ್ಲಿ ನಗದು ನಡೆಯುವುದಿಲ್ಲ. ಒಂದು ದಿನದ ಓಡಾಟಕ್ಕೆ ಕಡಿತವಾಗುವ ಮೊತ್ತ ನಿಗದಿತ ಮಿತಿ ಮುಟ್ಟಿದ ಮೇಲೆ ಮುಂದಿನ ಪ್ರಯಾಣಗಳಿಗೆ ಹಣ ಹೋಗದು; ಇದನ್ನು ‘ಕ್ಯಾಪಿಂಗ್’ ಎನ್ನುತ್ತಾರೆ. ಈ ಲಾಭ ಸಿಗಬೇಕಾದರೆ ದಿನವಿಡೀ ಒಂದೇ ಕಾರ್ಡ್ ಬಳಸಬೇಕು: ಬೆಳಿಗ್ಗೆ ಕಾರ್ಡನ್ನೂ ಸಂಜೆ ಅದೇ ಕಾರ್ಡಿಗೆ ಜೋಡಿಸಿದ ಮೊಬೈಲನ್ನೂ ತಾಗಿಸಿದರೆ ಯಂತ್ರ ಅವನ್ನು ಇಬ್ಬರು ಪ್ರಯಾಣಿಕರೆಂದು ಎಣಿಸುತ್ತದೆ. ವಯಸ್ಕರು ತಲೆಗೊಂದು ಕಾರ್ಡ್ ಇಟ್ಟುಕೊಳ್ಳಬೇಕು. ದೊಡ್ಡವರ ಜೊತೆಗಿರುವ 11 ವರ್ಷದೊಳಗಿನ ಮಕ್ಕಳಿಗೆ ಟ್ಯೂಬ್ ಮತ್ತು ಬಸ್ಸುಗಳಲ್ಲಿ ಪ್ರಯಾಣ ಉಚಿತ. ಭಾರತೀಯ ಬ್ಯಾಂಕಿನ ಕಾರ್ಡ್ ಬಳಸುವವರು ವಿದೇಶಿ ವಹಿವಾಟಿನ ಸೌಲಭ್ಯವನ್ನು ಹೊರಡುವ ಮುನ್ನವೇ ಚಾಲೂ ಮಾಡಿಸಿ, ಅದಕ್ಕೆ ತಗಲುವ ಶುಲ್ಕವನ್ನು ವಿಚಾರಿಸಿಕೊಳ್ಳಬೇಕು.

ಸಮಯವಿದ್ದಾಗ ಬಸ್ಸೇ ಲೇಸು. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಒಂದೇ ದರ. ಟವರ್ ಆಫ್ ಲಂಡನ್, ಸೇಂಟ್ ಪಾಲ್ಸ್ ಕೆಥೆಡ್ರಲ್ ಮತ್ತು ಟ್ರಫಾಲ್ಗರ್ ಚೌಕವನ್ನು ಬೆಸೆಯುವ 15ನೇ ಸಂಖ್ಯೆಯ ಬಸ್ಸಿನ ಮೇಲಂತಸ್ತಿನಲ್ಲಿ ಮುಂದಿನ ಸೀಟು ಸಿಕ್ಕರೆ, ಪ್ರವಾಸಿ ಬಸ್ಸುಗಳಿಗೆ ಕೊಡುವ ದೊಡ್ಡ ಮೊತ್ತ ಉಳಿಯುತ್ತದೆ.

ಹಂತ 4: ಐದು ದಿನಗಳ ಹಂಚಿಕೆ

ಮೊದಲ ದಿನವನ್ನು ವೆಸ್ಟ್‌ಮಿನ್‌ಸ್ಟರ್‌ಗೆ ಮೀಸಲಿಡಬಹುದು. ಸಂಸತ್ ಭವನ, ಬಿಗ್ ಬೆನ್ ಗಂಟೆಯನ್ನು ಹೊತ್ತ ಎಲಿಜಬೆತ್ ಗೋಪುರ, ರಾಜರ ಪಟ್ಟಾಭಿಷೇಕ ನಡೆಯುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಇವೆಲ್ಲ ಕೂಗಳತೆಯಲ್ಲಿವೆ. ಅಬ್ಬೆಗೆ ಪ್ರವೇಶ ಶುಲ್ಕ ಹೆಚ್ಚು. ಆದರೆ ‘ಈವನ್‌ಸಾಂಗ್’ ಎಂಬ ಸಂಜೆಯ ಗಾಯನ ಪ್ರಾರ್ಥನೆಗೆ ಯಾರು ಬೇಕಾದರೂ ಉಚಿತವಾಗಿ ಹೋಗಿ ಕೂರಬಹುದು. ಹತ್ತಿರದ ಲ್ಯಾಂಬೆತ್ ಸೇತುವೆ ದಾಟಿದರೆ ಎದುರು ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್ ಬರೋದ ಮಾಜಿ ಮೇಯರ್, ಕಲಬುರಗಿ ಮೂಲದ ನೀರಜ್ ಪಾಟೀಲ್ ಅವರ ಮುತುವರ್ಜಿಯಿಂದ ಸ್ಥಾಪನೆಗೊಂಡ ಇದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದರು.

ಎರಡನೆಯ ದಿನ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಟವರ್ ಆಫ್ ಲಂಡನ್ ಕೋಟೆಗೆ ಹೋಗಿ, ಕೊಹಿನೂರ್ ವಜ್ರವುಳ್ಳ ಕಿರೀಟವಿರುವ ರಾಜಾಭರಣಗಳ ಕೋಣೆಯನ್ನು ಮೊದಲು ನೋಡಿದರೆ ಸಾಲಿನಲ್ಲಿ ಹೆಚ್ಚು ಹೊತ್ತು ಕಾಯಬೇಕಾಗುವುದಿಲ್ಲ. ಟಿಕೆಟ್ ಕೊಂಡು ನೋಡಲೇಬೇಕಾದ ತಾಣ ಇದೊಂದೇ ಎಂದರೂ ನಡೆಯುತ್ತದೆ. ಮುಂದೆ 1894ರ ಟವರ್ ಬ್ರಿಜ್ ನೋಡಿ, ಸೇಂಟ್ ಪಾಲ್ಸ್‌ನತ್ತ ಸಾಗಿ, ಕಾಲುಸೇತುವೆ ದಾಟಿ, ಹಳೆಯ ವಿದ್ಯುತ್ ಸ್ಥಾವರವೇ ಕಲಾ ಸಂಗ್ರಹಾಲಯವಾಗಿರುವ ಟೇಟ್ ಮಾಡರ್ನ್‌ನಲ್ಲಿ ದಿನ ಮುಗಿಸಬಹುದು.

ಮೂರನೆಯ ದಿನ ಸೌತ್ ಕೆನ್ಸಿಂಗ್ಟನ್ ಪ್ರದೇಶದ್ದು. ಅಕ್ಕಪಕ್ಕದಲ್ಲೇ ಇರುವ ಮೂರು ಸಂಗ್ರಹಾಲಯಗಳಲ್ಲಿ, ಮಕ್ಕಳಿದ್ದವರು ಪ್ರಕೃತಿ ಮತ್ತು ವಿಜ್ಞಾನ ಸಂಗ್ರಹಾಲಯಗಳಿಗೆ ಹೆಚ್ಚು ಹೊತ್ತು ಕೊಡುವುದು ಸಹಜ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದ ಸಂಗ್ರಹದಲ್ಲಿ 1799ರ ಶ್ರೀರಂಗಪಟ್ಟಣದ ಪತನದ ಬಳಿಕ ಒಯ್ದ ಟಿಪ್ಪುವಿನ ಹುಲಿ ಇದೆ. ಬಣ್ಣ ಬಳಿದ ಮರದ ಈ ಹುಲಿ, ಅಂಗಾತ ಬಿದ್ದ ಐರೋಪ್ಯನೊಬ್ಬನ ಕೊರಳಿಗೆ ಬಾಯಿ ಹಾಕಿದೆ. ಪಕ್ಕೆಯಲ್ಲಿರುವ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳಿಂದ ಹುಲಿಯ ಗುರುಗುಟ್ಟುವಿಕೆಯೂ ಮನುಷ್ಯನ ನರಳಾಟವೂ ಹೊರಡುವಂತೆ, ಅವನ ಕೈ ಮೇಲೆ ಕೆಳಗೆ ಆಡುವಂತೆ ಯಂತ್ರವನ್ನು ಹೂಡಲಾಗಿದೆ. ಹುಲಿಯ ಪಕ್ಕದಲ್ಲಿನ ಮುಚ್ಚಳ ಸರಿಸಿದರೆ ಒಳಗೊಂದು ಪುಟ್ಟ ಆರ್ಗನ್ ವಾದ್ಯವಿದೆ. ಸಂಗ್ರಹಾಲಯಗಳು ಆಗಾಗ ಕೊಠಡಿಗಳನ್ನು ನವೀಕರಣಕ್ಕೆಂದು ಮುಚ್ಚುವುದರಿಂದ, ನೋಡಬೇಕೆಂದಿರುವ ವಸ್ತು ಪ್ರದರ್ಶನದಲ್ಲಿದೆಯೇ ಎಂಬುದನ್ನು ಜಾಲತಾಣದಲ್ಲಿ ಖಚಿತಪಡಿಸಿಕೊಂಡು ಹೊರಡಬೇಕು.

ನಾಲ್ಕನೆಯ ದಿನ, 1753ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಮ್ಯೂಸಿಯಂಗೆ ಸಲ್ಲಬೇಕು. ಇಡೀ ಕಟ್ಟಡವನ್ನು ಸುತ್ತುವ ಹಟ ತೊಡದೆ, ಈಜಿಪ್ಟಿನ ರೊಸೆಟ್ಟಾ ಶಿಲೆ ಮತ್ತು ಆಂಧ್ರದ ಅಮರಾವತಿಯ ಬೌದ್ಧ ಶಿಲ್ಪಗಳಂತಹ ಕೆಲವನ್ನು ಆರಿಸಿಕೊಂಡರೆ ಆಯಾಸವಾಗದು. ಉಚಿತವಾದರೂ ಸಮಯವನ್ನು ಮುಂಗಡವಾಗಿ ಕಾದಿರಿಸುವುದು ಒಳಿತು. ಐದನೆಯ ದಿನ ಥೇಮ್ಸ್‌ನ ದೋಣಿಯಲ್ಲಿ ಗ್ರಿನಿಚ್‌ಗೆ ಹೋಗಿ, 1884ರಲ್ಲಿ ಜಗತ್ತಿನ ಶೂನ್ಯ ರೇಖಾಂಶವೆಂದು ಒಪ್ಪಿಕೊಳ್ಳಲಾದ ಗೆರೆಯನ್ನು, ಅಂದರೆ ಭಾರತದ ಗಡಿಯಾರವನ್ನು ಐದೂವರೆ ಗಂಟೆ ಮುಂದಿಡಲು ಆಧಾರವಾದ ರೇಖೆಯನ್ನು ನೋಡಿ ಬರಬಹುದು.

ಹಂತ 5: ಊಟ ಮತ್ತು ನಿತ್ಯದ ಎಚ್ಚರಿಕೆಗಳು

ಸಸ್ಯಾಹಾರಿಗಳು ಹಸಿದಿರಬೇಕಾದ ಊರು ಇದಲ್ಲ. ಯೂಸ್ಟನ್ ನಿಲ್ದಾಣದ ಬಳಿಯ ಡ್ರಮಂಡ್ ಬೀದಿ ಭಾರತೀಯ ಸಸ್ಯಾಹಾರಕ್ಕೆ ಹಳೆಯ ಹೆಸರು. ವೆಂಬ್ಲಿಯಲ್ಲಿ ಗುಜರಾತಿ ತಿಂಡಿಗಳೂ ಈಸ್ಟ್ ಹ್ಯಾಮ್‌ನಲ್ಲಿ ದೋಸೆ, ಇಡ್ಲಿಗಳೂ ಸಿಗುತ್ತವೆ. ಸೂಪರ್ ಮಾರ್ಕೆಟ್ಟುಗಳಲ್ಲಿ ಸ್ಯಾಂಡ್‌ವಿಚ್, ಹಣ್ಣು, ಪಾನೀಯ ಕೊಂಡು ಉದ್ಯಾನದಲ್ಲಿ ಕೂತು ತಿನ್ನುವುದು ಮಧ್ಯಾಹ್ನದ ಅಗ್ಗದ ದಾರಿ. ಹೋಟೆಲಿನ ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿದ್ದರೆ ಮತ್ತೆ ಟಿಪ್ಸ್ ಇಡಬೇಕಾಗಿಲ್ಲ. ನಲ್ಲಿಯ ನೀರು ಕುಡಿಯಲು ಯೋಗ್ಯವಾಗಿರುವುದರಿಂದ ಬಾಟಲಿ ಜೊತೆಗಿದ್ದರೆ ಸಾಕು. ಅಲ್ಲಿನ ಮೂರು ಚಪ್ಪಟೆ ಪಿನ್ನಿನ ಸಾಕೆಟ್ಟಿಗೆ ಭಾರತದ ಪ್ಲಗ್ಗು ಹೊಂದದಾದ್ದರಿಂದ ಅಡಾಪ್ಟರ್ ಒಯ್ಯಬೇಕು. ಎಸ್ಕಲೇಟರಿನಲ್ಲಿ ಬಲಕ್ಕೆ ನಿಂತು, ಅವಸರದವರಿಗೆ ಎಡಭಾಗ ಬಿಡುವುದು ಅಲ್ಲಿನ ರೂಢಿ. ಜನಜಂಗುಳಿಯಲ್ಲಿ, ಅದರಲ್ಲೂ ರಸ್ತೆಯಂಚಿನಲ್ಲಿ ಮೊಬೈಲ್ ಹಿಡಿದು ನಿಲ್ಲದಿರುವುದು ಜಾಣತನ. ತುರ್ತು ಸಂದರ್ಭದಲ್ಲಿ ಕರೆಯಬೇಕಾದ ಸಂಖ್ಯೆ 999.

ಖರೀದಿಯ ವಿಷಯದಲ್ಲೂ ಒಂದು ಮಾತು ತಿಳಿದಿರಬೇಕು. ಪ್ರವಾಸಿಗರು ಕೊಂಡು ತಾವೇ ಒಯ್ಯುವ ಸರಕಿನ ಮೇಲಿನ ಮಾರಾಟ ತೆರಿಗೆಯನ್ನು ವಿಮಾನ ನಿಲ್ದಾಣದಲ್ಲಿ ಮರಳಿಸುವ ವ್ಯವಸ್ಥೆಯನ್ನು ಬ್ರಿಟನ್ 2021ರ ಆರಂಭದಿಂದ ಕೈಬಿಟ್ಟಿದೆ. ಹಳೆಯ ಪ್ರವಾಸ ಕೈಪಿಡಿಗಳನ್ನು ನಂಬಿ, ತೆರಿಗೆ ವಾಪಸು ಬರುತ್ತದೆಂಬ ಲೆಕ್ಕದಲ್ಲಿ ದುಬಾರಿ ವಸ್ತು ಕೊಂಡವರಿಗೆ ಹೀಥ್ರೂನಲ್ಲಿ ಏನೂ ಸಿಗದು. ಅಂಥ ಖರೀದಿಗೆ ಹೋಗುವ ಹಣವನ್ನು ಇನ್ನೊಂದು ದಿನದ ವಸತಿಗೋ ವೆಸ್ಟ್ ಎಂಡ್‌ನ ಒಂದು ನಾಟಕಕ್ಕೋ ಬಳಸುವುದು ಮೇಲು.