ಅಂಕಿತವೂ ತಖಲ್ಲುಸ್ಸೂ

ಬರೆಯುವ ಆಸೆ ನಮ್ಮಲ್ಲಿ ಅನೇಕರಿಗಿದೆ. ಲೆಕ್ಕಶಾಸ್ತ್ರದ ನೋಟ್‌ಬುಕ್ಕುಗಳ ಕೊನೆಯ ಪುಟ ತಿರುವಿದರೆ ಸಾಕು, ಗೊತ್ತಾಗುತ್ತದೆ. ಆದರೆ ಬರೆದದ್ದನ್ನು ಎಲ್ಲಿಗೆ ಒಯ್ಯಬೇಕು, ಯಾರ ಮುಂದೆ ಓದಬೇಕು ಎಂಬುದು ತಿಳಿಯುವುದಿಲ್ಲ. ಕಮ್ಮಟ, ಶಿಬಿರ ಎಲ್ಲ ದೊಡ್ಡ ಊರಿನವರಿಗೆ, ಬಸವಕಲ್ಯಾಣ ಮತ್ತು ಹುಮನಾಬಾದಿನ ಹದಿನೇಳು ವರ್ಷದವರಿಗೆ ಏನಿದೆ ಎಂದು ಕೇಳುವ ಗೆಳೆಯರಿಗಾಗಿ ಈ ಲೇಖನ.

12ನೆಯ ಶತಮಾನದಲ್ಲಿ ಕನ್ನಡ ನಾಡಿನವರು ಬರೆಯಲು, ಮಾತಾಡಲು ನಮ್ಮ ಊರಿಗೇ ಬರುತ್ತಿದ್ದರು. ಅನುಭವ ಮಂಟಪ ಇದ್ದದ್ದು ಇಲ್ಲಿ. ಅದರ ಪೀಠದಲ್ಲಿ ಅಲ್ಲಮಪ್ರಭು ಇದ್ದರು. ಸುತ್ತ ಕೂತವರು ಯಾರು? ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಿದೇವ, ಹುಲ್ಲಿನ ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಚೆಲ್ಲಿದ ಅಕ್ಕಿ ಆಯುವ ಆಯ್ದಕ್ಕಿ ಮಾರಯ್ಯ ಮತ್ತು ಅವರ ಹೆಂಡತಿ ಲಕ್ಕಮ್ಮ. ಬಸವಣ್ಣನವರು ಸ್ವತಃ ಮೊದಲು ಕರಣಿಕರು, ಆಮೇಲೆ ಬಿಜ್ಜಳನ ಭಂಡಾರಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೊದಲು ಅಕೌಂಟೆಂಟ್, ಆಮೇಲೆ ಖಜಾಂಚಿ. ಕಾಮರ್ಸ್ ಓದುವವರಿಗೆ ಸಾಹಿತ್ಯ ಯಾಕೆ ಎನ್ನುವವರಿಗೆ ನಾನು ಕೊಡುವ ಉತ್ತರ ಇದೇ.

ಅಲ್ಲಿಯ ಒಂದು ಪದ್ಧತಿಯನ್ನು ನಾವು ಗಮನಿಸಬೇಕು. ವಚನ ಹೇಳಿದವರಿಗೆ ಎದುರಿನವರು ಪ್ರಶ್ನೆ ಹಾಕುತ್ತಿದ್ದರು. ಉಡುತಡಿಯಿಂದ ಬಂದ ಯುವತಿ ಅಕ್ಕಮಹಾದೇವಿಯನ್ನು ಅಲ್ಲಮರು ಹೇಗೆ ಪ್ರಶ್ನಿಸಿದರು, ಆಕೆ ಹೇಗೆ ಉತ್ತರಿಸಿದಳು ಎಂಬುದೇ ಶೂನ್ಯಸಂಪಾದನೆಯ ಒಂದು ದೊಡ್ಡ ಭಾಗ. ಈಗಿನ ಕೆಲವು ಕವಿಗೋಷ್ಠಿಗಳಲ್ಲಿ ನಲವತ್ತು ಜನ ಓದುತ್ತಾರೆ, ನಲವತ್ತು ಜನಕ್ಕೂ ಚಪ್ಪಾಳೆ, ಶಾಲು, ಪ್ರಮಾಣಪತ್ರ. ಯಾರೂ ಏನೂ ಕೇಳುವುದಿಲ್ಲ. ಪ್ರಮಾಣಪತ್ರ ಬೇಡ ಎನ್ನುತ್ತಿಲ್ಲ, ಅದು ಮನೆಯವರಿಗೆ ತೋರಿಸಲು ಬೇಕು. ಆದರೆ ಅದರಿಂದ ಮುಂದಿನ ಸಾಲು ಹುಟ್ಟುವುದಿಲ್ಲ.

ಈಗ ಪಾಠದ ವಿಷಯ. ವಚನದ ಕೊನೆಯಲ್ಲಿ ಅಂಕಿತ ಬರುತ್ತದೆ: ಬಸವಣ್ಣನವರದು ಕೂಡಲಸಂಗಮದೇವ, ಅಕ್ಕನದು ಚೆನ್ನಮಲ್ಲಿಕಾರ್ಜುನ, ಅಲ್ಲಮರದು ಗುಹೇಶ್ವರ. ಇವು ದೇವರ ಹೆಸರುಗಳು. ಚೌಡಯ್ಯನವರು ಮಾತ್ರ ತಮ್ಮ ಹೆಸರನ್ನೇ ಅಂಕಿತ ಮಾಡಿಕೊಂಡರು. ನಮ್ಮ ಮನೆಗಳಲ್ಲಿ ಕೇಳುವ ಗಝಲಿನ ಕೊನೆಯ ಶೇರ್‌ನಲ್ಲಿ, ಅಂದರೆ ಮಕ್ತಾದಲ್ಲಿ, ಕವಿಯ ತಖಲ್ಲುಸ್ ಬರುತ್ತದೆ. ಹಾಗಾಗಿ ಚೌಡಯ್ಯನವರ ವಚನ ಓದುವಾಗ ಉರ್ದು ಮನೆಯ ಮಕ್ಕಳಿಗೆ ಏನೋ ಪರಿಚಯ ಇದ್ದಂತೆ ಅನಿಸುತ್ತದೆ.

ಪ್ರಾಸದಲ್ಲಿ ಮಾತ್ರ ಎರಡು ಭಾಷೆಗಳು ಎದುರುಬದುರು. ಹಳೆಯ ಕನ್ನಡ ಕಾವ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಪ್ರಾಸವಾಗುತ್ತದೆ. ಗಝಲಿನಲ್ಲಿ ಪ್ರಾಸ ಸಾಲಿನ ಬಾಲದಲ್ಲಿ. ಬದಲಾಗದೆ ಮರಳಿ ಬರುವ ಪದಗಳು ರದೀಫ್, ಅದರ ಹಿಂದೆ ಬರುವ ಪ್ರಾಸಪದ ಕಾಫಿಯಾ. ಮೊದಲ ಶೇರ್ ಅಂದರೆ ಮತ್ಲಾದ ಎರಡೂ ಸಾಲಿನಲ್ಲಿ ಇವೆರಡೂ ಬೇಕು. ಆಮೇಲೆ ಪ್ರತಿ ಶೇರ್‌ನ ಎರಡನೆಯ ಸಾಲಿನಲ್ಲಿ ಇದ್ದರೆ ಸಾಕು. ಅಭ್ಯಾಸಕ್ಕೆಂದು ನಾನು ಬರೆದ ಮತ್ಲಾ ನೋಡಿ:

ಮಳೆ ನಿಂತರೂ ತೊಟ್ಟಿಕ್ಕುವ ಸೂರು ಇನ್ನೂ ಬಾಕಿ ಇದೆ
ಬಸ್ಸು ಹೊರಟರೂ ಕಣ್ಣೊಳಗೆ ಊರು ಇನ್ನೂ ಬಾಕಿ ಇದೆ

'ಇನ್ನೂ ಬಾಕಿ ಇದೆ' ರದೀಫ್. ಸೂರು, ಊರು ಕಾಫಿಯಾ. ನೂರು, ದೂರು ಎಂದು ಮುಂದುವರಿಸಬಹುದು. 'ಬಾಕಿ' ಪದವನ್ನು ಬೇಕೆಂದೇ ಆರಿಸಿದೆ. ಜಮಾ, ವಸೂಲಿ, ರಸೀದಿ, ಬಾಕಿ ಇವೆಲ್ಲ ಅರಬ್ಬಿ, ಫಾರ್ಸಿಯಿಂದ ಬಂದು ಕನ್ನಡದ ಅಂಗಡಿಗಳಲ್ಲಿ ಕೂತ ಪದಗಳು. ಯಾವ ಮನೆಯಲ್ಲೂ ಅರ್ಥ ಹೇಳಬೇಕಾಗಿಲ್ಲ.

ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ತಿಳಿಯುತ್ತದೆ. ಓದಿ ಹೇಳಿದೆ. ರದೀಫ್ ಎರಡನೆಯ ಸಲ ಬಂದಾಗ ತಲೆದೂಗಿದರು. ಆಮೇಲೆ ಕೇಳಿದರು: ಬಸ್ಸಿನಲ್ಲಿ ಹೋದವರು ಯಾರು? ನನ್ನ ಬಳಿ ಉತ್ತರ ಇತ್ತು, ಸಾಲಿನಲ್ಲಿ ಇರಲಿಲ್ಲ. ಆ ರಾತ್ರಿ ಎರಡನೆಯ ಶೇರ್ ಬಂತು:

ಅಣ್ಣ ಪುಣೆಗೆ ಹೋದ ರಾತ್ರಿ ಅಮ್ಮಿ ಎಲ್ಲರಿಗೂ ಬಡಿಸಿದಳು
ಬುಟ್ಟಿಯೊಳಗೆ ಅವನ ರೊಟ್ಟಿ ಚೂರು ಇನ್ನೂ ಬಾಕಿ ಇದೆ

ಇದನ್ನು ಕೇಳಿ ಅಮ್ಮಿ ಏನೂ ಹೇಳಲಿಲ್ಲ, ಎದ್ದು ಅಡುಗೆಮನೆಗೆ ಹೋದರು. ಮಕ್ತಾ ಬರೆದಿಲ್ಲ. ನನಗಿನ್ನೂ ತಖಲ್ಲುಸ್ ಸಿಕ್ಕಿಲ್ಲ.

ಕನ್ನಡ ಅಂಕಕ್ಕೆ, ಉರ್ದು ಮನೆಗೆ ಎಂದು ನಮ್ಮಲ್ಲಿ ಅನೇಕರು ಭಾಗ ಮಾಡಿಕೊಂಡಿದ್ದೇವೆ. ನಮ್ಮ ಸೀಮೆ ಹಾಗೆ ಭಾಗ ಮಾಡಿಕೊಂಡದ್ದಲ್ಲ. ಹುಮನಾಬಾದಿನ ಪಕ್ಕದ ಮಾಣಿಕನಗರದ ಮಾಣಿಕಪ್ರಭುಗಳು ಹುಟ್ಟಿದ್ದು 1817ರಲ್ಲಿ, ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ. ಅವರ ಪದಗಳು ಮರಾಠಿ, ಕನ್ನಡ, ಹಿಂದುಸ್ತಾನಿ ಹೀಗೆ ಹಲವು ಭಾಷೆಗಳಲ್ಲಿವೆ. ಕನ್ನಡಕ್ಕೆ ಗಝಲ್ ತಂದವರಲ್ಲಿ ಮುಖ್ಯರು ರಾಯಚೂರು ಜಿಲ್ಲೆಯ ಶಾಂತರಸರು. 2006ರಲ್ಲಿ ಬೀದರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಇನ್ನು ಹಾಸನದ ಬಾನು ಮುಷ್ತಾಕ್ ಅವರ ವಿಷಯ ಎಲ್ಲರಿಗೂ ಗೊತ್ತು. ಉರ್ದು ಮನೆಯಿಂದ ಬಂದು ಕನ್ನಡದಲ್ಲಿ ಬರೆದ ಕಥೆಗಳು, ದೀಪಾ ಭಾಸ್ತಿಯವರ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದವು.

ಹಾಗಾದರೆ ನಾವು ಎಲ್ಲಿಗೆ ಹೋಗಬೇಕು? 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿಗೆ ತಾಲೂಕು ಘಟಕಗಳಿವೆ. ತಾಲೂಕು ಸಮ್ಮೇಳನ ನಡೆದಾಗ ಕವಿಗೋಷ್ಠಿ ಇರುತ್ತದೆ, ವಿದ್ಯಾರ್ಥಿಗಳು ಮೊದಲೇ ಹೆಸರು ಕೇಳಿಕೊಂಡು ಹೋಗಬಹುದು. ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನೂ ನಡೆಸುತ್ತದೆ. ಕನ್ನಡ ಮಾತೃಭಾಷೆ ಅಲ್ಲದವರಿಗೆ ಇದು ಒಳ್ಳೆಯ ಏಣಿ. ಮುಷಾಯಿರಾ ನಡೆದರೆ ಕೇಳಲು ಹೋಗಿ, ಕಿವಿ ಪಳಗುವುದು ಅಲ್ಲೇ. ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಶಂಕುಸ್ಥಾಪನೆ ಆಯಿತು. ಅಷ್ಟು ದೊಡ್ಡ ಕಟ್ಟಡದಲ್ಲಿ ಹದಿಹರೆಯದವರು ಕೂತು ಬರೆಯಲು ಒಂದು ಕೋಣೆ ಇರಲಿ ಎಂಬುದು ನನ್ನ ಬೇಡಿಕೆ.

ಕಟ್ಟಡ ಬರುವವರೆಗೆ ನಮ್ಮ ಗ್ರಂಥಾಲಯದ ಉದ್ದ ಮೇಜು ಇದೆ. ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ಕೂರಲು ಉಪನ್ಯಾಸಕರು ಒಪ್ಪಿದ್ದಾರೆ. ನಿಯಮ ಎರಡೇ. ಓದಿದ ಮೇಲೆ ಚಪ್ಪಾಳೆ ಇಲ್ಲ. ಕೇಳಿದವರು ಒಬ್ಬೊಬ್ಬರೂ ಒಂದು ಪ್ರಶ್ನೆ ಹಾಕಬೇಕು, 'ಚೆನ್ನಾಗಿದೆ' ಎಂಬುದು ಪ್ರಶ್ನೆ ಅಲ್ಲ. ಮೊದಲ ಶನಿವಾರಕ್ಕೆ 'ಬಾಕಿ' ಪದ ಇರುವ ಎರಡು ಸಾಲು ತನ್ನಿ. ಉರ್ದುವಿನಲ್ಲಿದ್ದರೂ ಸರಿ, ಪಕ್ಕದಲ್ಲಿ ಕೂತು ಕನ್ನಡಕ್ಕೆ ತರೋಣ.